ಲ್ಯಾಪ್‌ಟಾಪ್ ಮುಚ್ಚಿ ತೆಗೆದರೆ 20 ಕೆಜಿ ಕಲ್ಲು 8 ಕೆಜಿ: ಯುಎಸ್‌ಬಿ ಡ್ರೈವರ್‌ನ ರೀಸೆಟ್ ದೋಷ ಸರಿಪಡಿಸುವುದು ಹೇಗೆ

ಪರಿಚಯದವರ ಮಂಡಿಗೆಂದು ಒಂದು ತೂಕದ ಬೋರ್ಡಿಗೆ ಲಿನಕ್ಸ್ ಡ್ರೈವರ್ ಬರೆದುಕೊಟ್ಟಿದ್ದೆ. ತೂಕ ಅಳೆಯುವ ಲೋಡ್‌ಸೆಲ್ ಎಂಬ ಸೆನ್ಸರ್‌ನಿಂದ ಬರುವ ಚಿಕ್ಕ ವೋಲ್ಟೇಜನ್ನು ಹಿಗ್ಗಿಸಿ, ಅಂಕಿ ಮಾಡಿ, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕಳಿಸುವ ಬೋರ್ಡ್ ಅದು. ಎರಡು ವಾರ ಯಾವ ತಕರಾರೂ ಇರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. "ಸಾರ್, ಊಟ ಮಾಡ್ಕೊಂಡು ಬಂದ್ಮೇಲೆ ತಕ್ಕಡಿ ತಲೆ ಕೆಟ್ಟಂಗೆ ಆಡ್ತಿದೆ. ಖಾಲಿ ತಟ್ಟೆನೇ ಮೈನಸ್ ಎರಡು ಕೆಜಿ ತೋರಿಸ್ತಿದೆ."

ಹೋಗಿ ನೋಡಿದೆ. 20 ಕೆಜಿಯ ತೂಕದ ಕಲ್ಲು ಇಟ್ಟರೆ 8 ಕೆಜಿ. ಕೇಬಲ್ ಕಿತ್ತು, ಮತ್ತೆ ಚುಚ್ಚಿ, ಆಪ್ ಮತ್ತೆ ತೆರೆದರೆ ಸರಿಯಾಗಿ 20. ಲ್ಯಾಪ್‌ಟಾಪ್ ಮುಚ್ಚಿ, ಅರ್ಧ ನಿಮಿಷ ಬಿಟ್ಟು ತೆಗೆದರೆ ಮತ್ತೆ 8. ಊಟಕ್ಕೆ ಹೋಗುವಾಗ ಅವರು ಮಾಡಿದ್ದೂ ಇಷ್ಟೇ, ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಗಿದ್ದರು.

ಲೆಕ್ಕ ಹಾಕಿದರೆ ಕಾರಣ ಅಲ್ಲೇ ಇತ್ತು. ತಟ್ಟೆಯ ತೂಕ 4 ಕೆಜಿ. ಅದನ್ನು ಟೇರ್ ಎಂದು ಲ್ಯಾಪ್‌ಟಾಪ್ ಕಡೆಯಲ್ಲಿ ಕಳೆಯುತ್ತೇವೆ. ಕಲ್ಲೂ ತಟ್ಟೆಯೂ ಸೇರಿ 24. ಬೋರ್ಡಿಗೆ ನಾವು ಹೇಳಿದ್ದ ಗೇನ್ (ವೋಲ್ಟೇಜನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು) 128, ಅದರ ಹುಟ್ಟು ಗೇನ್ 64. ಗೇನ್ ಅರ್ಧವಾದರೆ 24 ಹೋಗಿ 12 ಆಗುತ್ತದೆ. ಅದರಲ್ಲಿ ಹಳೆಯ ಟೇರ್ 4 ಕಳೆದರೆ 8. ಖಾಲಿ ತಟ್ಟೆಗೆ 2ರಲ್ಲಿ 4 ಕಳೆದು ಮೈನಸ್ 2. ಅಂದರೆ ಬೋರ್ಡ್ ತನ್ನ ಗೇನ್ ಮರೆತಿದೆ, ನಮ್ಮ ಕಡೆಯ ಟೇರ್ ಮರೆತಿಲ್ಲ. ಇಬ್ಬರ ಪುಸ್ತಕದಲ್ಲಿ ಬೇರೆ ಬೇರೆ ಲೆಕ್ಕ.

ಯುಎಸ್‌ಬಿ ಡ್ರೈವರ್‌ಗಳಲ್ಲಿ ರೀಸೆಟ್ ಆದಮೇಲೆ ಬರುವ ದೋಷಗಳು ಬಹುಪಾಲು ಇದೇ ಜಾತಿಯವು. ಯಾವುದೂ ಕ್ರ್ಯಾಶ್ ಆಗುವುದಿಲ್ಲ, ಲಾಗ್‌ನಲ್ಲಿ ಕೆಂಪು ಸಾಲೂ ಇರುವುದಿಲ್ಲ. ಡೇಟಾ ಸುಮ್ನೆ ಬರುತ್ತಲೇ ಇರುತ್ತದೆ, ತಪ್ಪು ಡೇಟಾ. ಇದನ್ನು ಹೇಗೆ ಹಿಡಿಯುವುದು, ಹೇಗೆ ಸರಿಮಾಡುವುದು ಎಂದು ನಾನು ಮಾಡಿದ ತಪ್ಪುಗಳ ಸಮೇತ ಬರೆಯುತ್ತೇನೆ. ಕರ್ನಲ್‌ನ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಲಾಗ್ ಸಾಲು, ಡ್ರೈವರ್‌ಗಳ ಹೆಸರು ಬಿಟ್ಟು ಉಳಿದಂತೆ ನಾನು ಅಡ್ಡಗೆರೆ ಹಾಕಿ ಜೋಡಿಸಿದ ಕಡೆ ಕೋಡಿನಲ್ಲಿ ಅಂಡರ್‌ಸ್ಕೋರ್ ಇರುತ್ತದೆ ಎಂದು ಓದಿಕೊಳ್ಳಿ.

ರೀಸೆಟ್ ಆದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ

ಮೊದಲು ಇದು ತಲೆಯಲ್ಲಿ ಗಟ್ಟಿಯಾಗಬೇಕು. ಯುಎಸ್‌ಬಿ 2.0ರಲ್ಲಿ ಹಬ್ ಎರಡೂ ಡೇಟಾ ತಂತಿಗಳನ್ನು ಕನಿಷ್ಠ 10 ಮಿಲಿಸೆಕೆಂಡ್ ಕೆಳಮಟ್ಟದಲ್ಲಿ ಹಿಡಿದರೆ ಅದು ರೀಸೆಟ್. ಡಿವೈಸ್ ತನ್ನ ವಿಳಾಸ ಬಿಟ್ಟು 0ಗೆ ಬರುತ್ತದೆ, ಕಾನ್ಫಿಗರೇಶನ್ ಹೋಗುತ್ತದೆ, ಎಲ್ಲ ಎಂಡ್‌ಪಾಯಿಂಟ್‌ಗಳ (ಡೇಟಾ ಓಡುವ ದಾರಿಗಳ) ಡೇಟಾ ಟಾಗಲ್ (ಪ್ಯಾಕೆಟ್‌ಗಳ 0-1 ಗುರುತು) ಮೊದಲಿಗೆ ಬರುತ್ತದೆ.

ಇಷ್ಟನ್ನು ಲಿನಕ್ಸ್‌ನ ಯುಎಸ್‌ಬಿ ಕೋರ್ (ಎಲ್ಲ ಯುಎಸ್‌ಬಿ ಡ್ರೈವರ್‌ಗಳ ತಳದಲ್ಲಿರುವ ಕರ್ನಲ್ ಭಾಗ) ತಾನೇ ಸರಿಮಾಡುತ್ತದೆ. ಹಳೆಯ ವಿಳಾಸವನ್ನೇ ಮತ್ತೆ ಕೊಡುತ್ತದೆ. ಡಿಸ್ಕ್ರಿಪ್ಟರ್‌ಗಳನ್ನು (ಡಿವೈಸ್ ತನ್ನ ಬಗ್ಗೆ ಕೊಡುವ ವಿವರಗಳನ್ನು) ಮತ್ತೆ ಓದಿ ಹಳೆಯದರ ಜೊತೆ ಹೋಲಿಸುತ್ತದೆ, ಸೀರಿಯಲ್ ನಂಬರ್ ಇದ್ದರೆ ಅದನ್ನೂ. ಬೇರೆ ಕಂಡರೆ ಇದು ಬೇರೆಯೇ ಡಿವೈಸ್ ಎಂದು ತೀರ್ಮಾನಿಸಿ ಹಳೆಯದನ್ನು ತೆಗೆದುಹಾಕುತ್ತದೆ. ಒಂದೇ ಆಗಿದ್ದರೆ ಹಳೆಯ ಕಾನ್ಫಿಗರೇಶನ್ ಹಾಕಿ, ಇಂಟರ್‌ಫೇಸ್‌ಗಳ (ಒಂದೇ ಡಿವೈಸ್‌ನ ಬೇರೆ ಬೇರೆ ಕೆಲಸದ ಭಾಗಗಳ) ಆಲ್ಟರ್‌ನೇಟ್ ಸೆಟ್ಟಿಂಗ್‌ಗಳನ್ನೂ ವಾಪಸ್ ತರುತ್ತದೆ.

ಕೋರ್‌ನ ಕೆಲಸ ಅಲ್ಲಿಗೆ ಮುಗಿಯಿತು. ನಿಮ್ಮ ಬೋರ್ಡಿನ ಗೇನ್, ಸ್ಯಾಂಪಲ್ ರೇಟ್, ಸೀರಿಯಲ್ ಪೋರ್ಟ್ ಆದರೆ ಬಾಡ್ ರೇಟ್, ಕ್ಯಾಮೆರಾ ಆದರೆ ಬ್ರೈಟ್‌ನೆಸ್, ಇವೆಲ್ಲ ಏನು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ನಿಮ್ಮ ಡ್ರೈವರ್‌ಗೆ ಮಾತ್ರ. ಗೊತ್ತಿರಬೇಕು ಅನ್ನುವುದು ಸರಿ, ಯಾಕೆಂದರೆ ನನ್ನ ಡ್ರೈವರ್‌ಗೂ ಗೊತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಗೊಂದಲ ಇದೆ. ಬರೀ ರೀಸೆಟ್ ಸಿಗ್ನಲ್ ಬಂದಾಗ ಕೆಲವು ಫರ್ಮ್‌ವೇರ್‌ಗಳು ಎಲ್ಲವನ್ನೂ ಮೊದಲಿಂದ ಶುರು ಮಾಡುತ್ತವೆ, ಕೆಲವು ಗೇನ್‌ನಂಥವನ್ನು ಹಾಗೇ ಇಟ್ಟುಕೊಳ್ಳುತ್ತವೆ. ಪೋರ್ಟಿನ ಕರೆಂಟೇ ಹೋಗಿದ್ದರೆ ಎಲ್ಲವೂ ಹೋಗಿರುತ್ತದೆ. ಡ್ರೈವರ್ ಬರೆಯುವವರು ಪ್ರತಿ ಸಲವೂ ಎಲ್ಲ ಹೋಗಿದೆ ಎಂದೇ ಎಣಿಸಬೇಕು. "ನನ್ನ ಬೋರ್ಡ್ ಮರೆಯೋದಿಲ್ಲ" ಎಂದು ಕೂತರೆ ಮುಂದಿನ ಫರ್ಮ್‌ವೇರ್ ಆವೃತ್ತಿ ಬಂದ ದಿನ ಕೈಕೊಡುತ್ತದೆ.

ನಿಜವಾಗಿ ರೀಸೆಟ್ ಆಯಿತೇ ನೋಡಿ

ಡಿಮೆಸೇಜ್, ಅಂದರೆ ಕರ್ನಲ್ ಸಂದೇಶಗಳ ಲಾಗ್ ತೆರೆದುಕೊಂಡು ಲ್ಯಾಪ್‌ಟಾಪ್ ಮುಚ್ಚಿ ತೆಗೆಯಿರಿ. ನನಗೆ ಕಂಡ ಸಾಲು ಹೀಗಿತ್ತು:

```
ಯುಎಸ್‌ಬಿ 1-2: ರೀಸೆಟ್ ಫುಲ್-ಸ್ಪೀಡ್ ಯುಎಸ್‌ಬಿ ಡಿವೈಸ್ ನಂಬರ್ 7 ಯೂಸಿಂಗ್ ಎಕ್ಸ್‌ಎಚ್‌ಸಿಐ_ಎಚ್‌ಸಿಡಿ
```

ಇಲ್ಲಿ ಮುಖ್ಯವಾದದ್ದು ಆ 7. ಮುಚ್ಚುವ ಮೊದಲೂ 7, ಆಮೇಲೂ 7 ಇದ್ದರೆ ಅದು ರೀಸೆಟ್. "ಡಿಸ್ಕನೆಕ್ಟ್" ಎಂಬ ಸಾಲು ಬಂದು, ಆಮೇಲೆ "ನ್ಯೂ" ಎಂದು 8 ಬಂದಿದ್ದರೆ ಡಿವೈಸ್ ಪೂರ್ತಿ ಬಿಟ್ಟುಹೋಗಿ ಮತ್ತೆ ಬಂದಿದೆ. ಆಗ ನಿಮ್ಮ ಪ್ರೋಬ್ (ಡಿವೈಸ್ ಸಿಕ್ಕಾಗ ಓಡುವ ಡ್ರೈವರ್ ಫಂಕ್ಷನ್) ಮೊದಲಿಂದ ಓಡಿರುತ್ತದೆ. ಅದು ಬೇರೆ ಕಾಯಿಲೆ, ಅದಕ್ಕೆ ಈ ಮದ್ದು ಕೆಲಸ ಮಾಡುವುದಿಲ್ಲ.

ಕೋರ್ ನಿಮ್ಮ ಡ್ರೈವರ್ ಬಳಿಗೆ ಯಾವ ಬಾಗಿಲಿನಿಂದ ಬಂತು ಎಂಬುದನ್ನೂ ನೋಡಬೇಕು. ಬಾಗಿಲು ಮೂರು.

ನಿದ್ದೆಯಿಂದ ಎದ್ದಾಗ ಡಿವೈಸ್ ಕರೆಂಟ್ ಕಳೆದುಕೊಳ್ಳದೆ ಹಾಗೇ ಇದ್ದರೆ ರೆಸ್ಯೂಮ್ ಕರೆಯುತ್ತದೆ. ನಿದ್ದೆಯಲ್ಲಿ ಸಂಪರ್ಕ ಕಡಿದು ಕೋರ್ ರೀಸೆಟ್ ಮಾಡಬೇಕಾಗಿ ಬಂದಿದ್ದರೆ ರೀಸೆಟ್-ರೆಸ್ಯೂಮ್ ಕರೆಯುತ್ತದೆ. ಎಚ್ಚರ ಇರುವಾಗಲೇ ಯಾರಾದರೂ ರೀಸೆಟ್ ಕೇಳಿದರೆ ಮೊದಲು ಪ್ರಿ-ರೀಸೆಟ್, ಮುಗಿದಮೇಲೆ ಪೋಸ್ಟ್-ರೀಸೆಟ್. ಹೀಗೆ ಕೇಳುವವರು ನಿಮ್ಮದೇ ಡ್ರೈವರ್ ಇರಬಹುದು, ಅದೇ ಡಿವೈಸ್‌ನ ಇನ್ನೊಂದು ಇಂಟರ್‌ಫೇಸ್‌ನ ಡ್ರೈವರ್ ಇರಬಹುದು, ಯೂಸರ್ ಸ್ಪೇಸ್‌ನ ಒಂದು ಪ್ರೋಗ್ರಾಮ್ ಕೂಡ ಇರಬಹುದು.

ಈ ಕಾಲ್‌ಬ್ಯಾಕ್‌ಗಳನ್ನು (ಕೋರ್ ಕರೆಯುವ ಡ್ರೈವರ್ ಫಂಕ್ಷನ್‌ಗಳನ್ನು) ನೀವು ಬರೆಯದೇ ಬಿಟ್ಟರೆ ಕೋರ್ ಸುಮ್ಮನಿರುವುದಿಲ್ಲ. ಡ್ರೈವರನ್ನು ಡಿವೈಸಿನಿಂದ ಬಿಡಿಸಿ ಮತ್ತೆ ಕಟ್ಟುತ್ತದೆ, ಅಂದರೆ ಡಿಸ್ಕನೆಕ್ಟ್, ಆಮೇಲೆ ಪ್ರೋಬ್. ಡಿವೈಸ್ ಮೊದಲಿಂದ ಸರಿಯಾಗಿ ತಯಾರಾಗುತ್ತದೆ. ಆದರೆ ಆಪ್ ತೆರೆದಿಟ್ಟುಕೊಂಡಿದ್ದ ಫೈಲ್ ಹ್ಯಾಂಡಲ್ ಸತ್ತುಹೋಗುತ್ತದೆ.

ನನ್ನ ತಪ್ಪು ಇಲ್ಲೇ ಇತ್ತು. ಆಪ್ ಪ್ರತಿ ಸಲ ಸಾಯುತ್ತದೆ ಎಂದು ಬೇಸರವಾಗಿ, ಡ್ರೈವರ್ ಪಟ್ಟಿಯಲ್ಲಿ ರೀಸೆಟ್-ರೆಸ್ಯೂಮ್ ಎದುರಿಗೂ ರೆಸ್ಯೂಮ್‌ನ ಫಂಕ್ಷನ್ ಹೆಸರನ್ನೇ ಬರೆದಿದ್ದೆ. ಒಂದೇ ಸಾಲು. ಆಪ್ ಸಾಯುವುದು ನಿಂತಿತು, ಖುಷಿಯಾಯಿತು. ಆದರೆ ಆ ಸಾಲಿನ ಅರ್ಥ "ರೀಸೆಟ್ ಆದರೂ ನನಗೆ ಏನೂ ಆಗಿಲ್ಲ, ಡಿವೈಸ್ ಹೇಗಿತ್ತೋ ಹಾಗೇ ಇದೆ" ಎಂದು ಕೋರ್‌ಗೆ ಪ್ರಮಾಣ ಮಾಡಿದ ಹಾಗೆ. ಸುಳ್ಳು ಪ್ರಮಾಣ. ನಿಮ್ಮ ಡ್ರೈವರ್‌ನಲ್ಲಿ ಈ ಎರಡು ಸಾಲುಗಳ ಎದುರು ಒಂದೇ ಹೆಸರು ಕಂಡರೆ ಅನುಮಾನವನ್ನು ಅಲ್ಲಿಂದಲೇ ಶುರು ಮಾಡಿ.

ಬೇಕೆಂದಾಗ ದೋಷ ಬರುವ ಹಾಗೆ ಮಾಡಿಕೊಳ್ಳಿ

ಮಂಡಿಯ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಲ ಬರುತ್ತಿದ್ದ ದೋಷ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಸಲವೂ ಬರಲಿಲ್ಲ. ತಲೆ ಕೆರೆದುಕೊಂಡೆ. ನನ್ನದು ನಿದ್ದೆಯಲ್ಲೂ ಯುಎಸ್‌ಬಿ ಪೋರ್ಟಿಗೆ ಕರೆಂಟ್ ಕೊಡುತ್ತಿತ್ತು, ಅವರದ್ದು ಕೊಡುತ್ತಿರಲಿಲ್ಲ. ಹಾಗಾಗಿ ನನ್ನಲ್ಲಿ ಓಡುತ್ತಿದ್ದದ್ದು ರೆಸ್ಯೂಮ್, ಅವರಲ್ಲಿ ರೀಸೆಟ್-ರೆಸ್ಯೂಮ್. "ನನ್ನ ಮಷೀನಲ್ಲಿ ಸರಿ ಇದೆ" ಎಂಬ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ ಅಲ್ವಾ?

ಅವರ ಲ್ಯಾಪ್‌ಟಾಪ್ ಹೊತ್ತು ತರಬೇಕಿಲ್ಲ. ಯುಎಸ್‌ಬಿ ಕೋರ್ ಮಾಡ್ಯೂಲ್‌ಗೆ ಕ್ವರ್ಕ್ಸ್ ಎಂಬ ಪ್ಯಾರಾಮೀಟರ್ ಇದೆ. ಅದಕ್ಕೆ ಡಿವೈಸ್‌ನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ, ಆಮೇಲೆ ಒಂದು ಅಕ್ಷರ ಕೊಡಬೇಕು. "ಬಿ" ಅಕ್ಷರ ಕೊಟ್ಟರೆ "ಈ ಡಿವೈಸನ್ನು ಎಬ್ಬಿಸುವಾಗ ಯಾವಾಗಲೂ ರೀಸೆಟ್ ಮಾಡೇ ಎಬ್ಬಿಸು" ಎಂದರ್ಥ. ಪೇಟೆಯಲ್ಲಿ ಸಿಗುವ ಅಗ್ಗದ ಸಿಎಚ್340 ಸೀರಿಯಲ್ ಕೇಬಲ್ ಆಗಿದ್ದರೆ 1ಎ86:7523:ಬಿ ಎಂದು ಬರೆಯಬೇಕು, ಕೋಡಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ ಜಾಗ) ಯುಎಸ್‌ಬಿಕೋರ್‌ನ ಪ್ಯಾರಾಮೀಟರ್ ಫೋಲ್ಡರ್‌ನಲ್ಲಿರುವ ಕ್ವರ್ಕ್ಸ್ ಫೈಲ್‌ಗೆ ರೂಟ್ ಆಗಿ ಇದನ್ನು ಬರೆದು, ಕೇಬಲ್ ಒಮ್ಮೆ ಕಿತ್ತು ಚುಚ್ಚಿ. ಈಗ ನಿಮ್ಮ ಲ್ಯಾಪ್‌ಟಾಪ್ ಕರೆಂಟ್ ಕೊಟ್ಟರೂ ಕೊಡದಿದ್ದರೂ ಓಡುವುದು ರೀಸೆಟ್-ರೆಸ್ಯೂಮ್.

ಒಂದು ಎಚ್ಚರಿಕೆ. ಇದರಲ್ಲಿ ರೀಸೆಟ್ ಮಾತ್ರ ಆಗುತ್ತದೆ, ಕರೆಂಟ್ ಹೋಗುವುದಿಲ್ಲ. ಬರೀ ರೀಸೆಟ್‌ಗೆ ಮರೆಯದ ಫರ್ಮ್‌ವೇರ್ ಆದರೆ ದೋಷ ಇನ್ನೂ ಅಡಗೇ ಇರುತ್ತದೆ. ಆಗ ಹೈಬರ್ನೇಟ್ ಮಾಡಿ ನೋಡಿ. ಬಹಳಷ್ಟು ಮಷೀನುಗಳಲ್ಲಿ ಆಗ ಪೋರ್ಟಿನ ಕರೆಂಟೂ ಹೋಗುತ್ತದೆ.

ಪ್ರತಿ ಸಲ ಮುಚ್ಚಳ ಮುಚ್ಚಿ ತೆಗೆಯುವುದೂ ಬೇಡ. ಆರ್‌ಟಿಸಿವೇಕ್ ಆದೇಶಕ್ಕೆ ಮೆಮ್ ಮೋಡ್, 15 ಸೆಕೆಂಡ್ ಎಂದು ಕೊಟ್ಟರೆ ಲ್ಯಾಪ್‌ಟಾಪ್ ತಾನೇ ಮಲಗಿ ತಾನೇ ಏಳುತ್ತದೆ. ಲೂಪ್‌ನಲ್ಲಿ ಹಾಕಿ ಕಾಫಿಗೆ ಹೋಗಬಹುದು.

ಪ್ರಿ-ರೀಸೆಟ್, ಪೋಸ್ಟ್-ರೀಸೆಟ್ ಪರೀಕ್ಷೆ ಇನ್ನೂ ಸುಲಭ. ಯುಎಸ್‌ಬಿಯುಟಿಲ್ಸ್ ಕಟ್ಟಿನಲ್ಲಿ ಯುಎಸ್‌ಬಿರೀಸೆಟ್ ಎಂಬ ಪುಟ್ಟ ಪ್ರೋಗ್ರಾಮ್ ಇದೆ. ಡೇಟಾ ಓಡುತ್ತಿರುವಾಗಲೇ ಅದನ್ನು ಕರೆಯಿರಿ. ಮಲಗಿಸುವ ಗೊಡವೆಯೇ ಇಲ್ಲ.

ತಂತಿಯ ಮೇಲೆ ಏನು ಹೋಯಿತು ನೋಡಿ

ಊಹೆ ಸಾಕು, ಈಗ ಸಾಕ್ಷಿ ಬೇಕು. ಯುಎಸ್‌ಬಿ ಸಂದೇಶಗಳನ್ನು ದಾಖಲಿಸುವ ಯುಎಸ್‌ಬಿಮಾನ್ ಮಾಡ್ಯೂಲ್ ಹಾಕಿ, ಅವನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ನಿಮ್ಮ ಯುಎಸ್‌ಬಿ ಬಸ್ಸಿನ ಸಂಖ್ಯೆಯ ಯುಎಸ್‌ಬಿಮಾನ್ ಆರಿಸಿ. ಎರಡು ರೆಕಾರ್ಡಿಂಗ್ ಮಾಡಿ. ಮೊದಲನೆಯದು ಕೇಬಲ್ ಚುಚ್ಚಿ, ಆಪ್ ತೆರೆದು, ಸರಿಯಾದ ತೂಕ ಬರುವವರೆಗೆ. ಎರಡನೆಯದು ಮಲಗಿ ಎದ್ದು ತಪ್ಪು ತೂಕ ಬರುವವರೆಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಕೋರ್‌ನ ಮಾಮೂಲಿ ಸಾಲುಗಳಾದ ಮೇಲೆ ಈ ಬೋರ್ಡಿಗೇ ಮೀಸಲಾದ ನಾಲ್ಕು ಆದೇಶಗಳು, ಅಂದರೆ ವೆಂಡರ್ ಕಂಟ್ರೋಲ್ ಸಂದೇಶಗಳಿದ್ದವು: ಹರಿವು ನಿಲ್ಲಿಸು, ಗೇನ್ 128, ಸೆಕೆಂಡಿಗೆ 80 ಸ್ಯಾಂಪಲ್, ಹರಿವು ಶುರು. ಆಮೇಲೆ ಬಲ್ಕ್ ಇನ್ (ಬೋರ್ಡಿನಿಂದ ಡೇಟಾ ಬರುವ) ಎಂಡ್‌ಪಾಯಿಂಟ್‌ನಿಂದ ಅಂಕಿಗಳು. ಎರಡನೆಯದರಲ್ಲಿ ಡಿಸ್ಕ್ರಿಪ್ಟರ್ ಓದು, ಕಾನ್ಫಿಗರೇಶನ್ ಹಾಕು, ನೇರವಾಗಿ ಬಲ್ಕ್ ಇನ್. ಆ ನಾಲ್ಕು ಸಂದೇಶಗಳೇ ಇಲ್ಲ. ಈ ಬೋರ್ಡ್ ಹುಟ್ಟಿದ ಕೂಡಲೇ ಗೇನ್ 64ರಲ್ಲಿ ತಾನಾಗಿ ಅಂಕಿ ಕಳಿಸಲು ಶುರು ಮಾಡುತ್ತದೆ. ಹಾಗಾಗಿಯೇ ಡೇಟಾ ನಿಂತಿರಲಿಲ್ಲ, ಯಾರಿಗೂ ಅನುಮಾನ ಬಂದಿರಲಿಲ್ಲ. ಸುಮ್ಮನೆ ನಿಂತುಬಿಡುವ ಬೋರ್ಡ್ ಆಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಕಾಣೆಯಾದ ಆ ಸಂದೇಶಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬಂದ ಕ್ರಮದಲ್ಲೇ. ನೀವು ಬರೆಯಬೇಕಾದ ಕೋಡ್ ಅದೇ.

ಡ್ರೈವರ್‌ಗೆ ನೆನಪು ಕೊಡಿ

ಕೋಡ್ ಬರೆಯಲು ಕೂತಾಗ ಗೊತ್ತಾಯಿತು, ನನ್ನ ಡ್ರೈವರ್ ಬಳಿ ಗೇನ್ ಬರೆದಿಟ್ಟ ಜಾಗವೇ ಇರಲಿಲ್ಲ. ಆಪ್ ಐಆಕ್ಟಲ್ (ಆಪ್‌ನಿಂದ ಡ್ರೈವರ್‌ಗೆ ಆದೇಶ ಕೊಡುವ ಕರೆ) ಮೂಲಕ 128 ಎನ್ನುತ್ತಿತ್ತು, ಡ್ರೈವರ್ ಅದನ್ನು ಅಂಚೆಯವನ ಹಾಗೆ ಬೋರ್ಡಿಗೆ ಮುಟ್ಟಿಸಿ ಮರೆಯುತ್ತಿತ್ತು. ಮರೆತದ್ದನ್ನು ವಾಪಸ್ ಹೇಗೆ ಕೊಡುವುದು?

ಹಾಗಾಗಿ ಮೊದಲ ಕೆಲಸ, ಡ್ರೈವರ್‌ನ ಸ್ಟ್ರಕ್ಚರ್‌ನಲ್ಲಿ ಬೇಕಾದ ಸೆಟ್ಟಿಂಗ್‌ಗಳಿಗೆಂದು ಜಾಗ ಮಾಡಿ. ಐಆಕ್ಟಲ್ ಬಂದಾಗ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುವ ಲಾಕ್) ಹಿಡಿದು, ಬೋರ್ಡಿಗೆ ಕಳಿಸಿ, ಬೋರ್ಡ್ ಒಪ್ಪಿದರೆ ಮಾತ್ರ ಅಲ್ಲಿ ಬರೆಯಿರಿ. ಮೊದಲೇ ಬರೆದು ಆಮೇಲೆ ಕಳಿಸಿದರೆ, ಬೋರ್ಡ್ ತಿರಸ್ಕರಿಸಿದ ಬೆಲೆಯೂ ಪುಸ್ತಕದಲ್ಲಿ ಉಳಿದು ಮುಂದಿನ ರೀಸೆಟ್‌ನಲ್ಲಿ ಮತ್ತೆ ಹೊರಗೆ ಬರುತ್ತದೆ.

ಎರಡನೆಯ ಕೆಲಸ, ಡಿವೈಸ್ ತಯಾರು ಮಾಡುವ ಎಲ್ಲ ಹೆಜ್ಜೆಗಳನ್ನು ಪ್ರೋಬ್‌ನಿಂದ ಕಿತ್ತು ಒಂದೇ ಫಂಕ್ಷನ್‌ಗೆ ಹಾಕಿ. ಪ್ರೋಬ್ ಅದನ್ನು ಕರೆಯಲಿ, ಪೋಸ್ಟ್-ರೀಸೆಟ್ ಅದನ್ನೇ ಕರೆಯಲಿ, ರೀಸೆಟ್-ರೆಸ್ಯೂಮ್ ಕೂಡ ಅದನ್ನೇ. ಮೂರು ಕಡೆ ನಕಲು ಬರೆದರೆ ಆರು ತಿಂಗಳಲ್ಲಿ ಮೂರೂ ಮೂರು ದಾರಿ ಹಿಡಿಯುತ್ತವೆ. ಕೋಡಿನ ಹುರುಳು ಇಷ್ಟು (ಯುಆರ್‌ಬಿ ಎಂದರೆ ಡ್ರೈವರ್ ಕೋರ್‌ಗೆ ಕೊಡುವ ಒಂದು ಡೇಟಾ ಕೋರಿಕೆ):

```
ಸಿದ್ಧಮಾಡು(ಬೋರ್ಡ್):
    ಹರಿವು ನಿಲ್ಲಿಸು
    ಗೇನ್ ಕಳಿಸು: ಬೋರ್ಡ್.ಬೇಕಾದ_ಗೇನ್
    ರೇಟ್ ಕಳಿಸು: ಬೋರ್ಡ್.ಬೇಕಾದ_ರೇಟ್
    ಅರ್ಧ ಬಂದ ಪ್ಯಾಕೆಟ್ ಎಸೆ
    ಬೋರ್ಡ್.ಮುಂದಿನ_ಕ್ರಮಸಂಖ್ಯೆ = 0
    ಬೋರ್ಡ್.ಎಸೆಯಬೇಕಾದ_ಸ್ಯಾಂಪಲ್ = 4
    ಹರಿವು ಶುರು ಮಾಡು
    (ಯಾವ ಹೆಜ್ಜೆ ತಪ್ಪಿದರೂ ಅಲ್ಲೇ ನಿಂತು ಎರರ್ ಸಂಖ್ಯೆ ವಾಪಸ್ ಕೊಡು)

ರೀಸೆಟ್_ರೆಸ್ಯೂಮ್(ಇಂಟರ್‌ಫೇಸ್):
    ಮ್ಯೂಟೆಕ್ಸ್ ಹಿಡಿ
    ಫಲ = ಸಿದ್ಧಮಾಡು(ಬೋರ್ಡ್)
    ಫಲ ಸರಿಯಿದ್ದರೆ, ಫೈಲ್ ತೆರೆದಿದ್ದರೆ: ಯುಆರ್‌ಬಿಗಳನ್ನು ಮತ್ತೆ ಕಳಿಸು
    ಮ್ಯೂಟೆಕ್ಸ್ ಬಿಡು
    ಫಲ ವಾಪಸ್ ಕೊಡು
```

ನಡುವಿನ ಮೂರು ಸಾಲು ನೋಡಿ. ಡಿವೈಸ್ ಮರೆತದ್ದನ್ನು ನೆನಪಿಸಿದರೆ ಸಾಲದು, ಡ್ರೈವರ್ ಮರೆಯಬೇಕಾದದ್ದನ್ನು ಮರೆಯಲೂ ಬೇಕು. ನನ್ನ ಬೋರ್ಡ್ ಪ್ರತಿ ಪ್ಯಾಕೆಟ್‌ಗೆ ಕ್ರಮಸಂಖ್ಯೆ ಹಾಕುತ್ತದೆ. ಡ್ರೈವರ್ 41,200ನೇ ಪ್ಯಾಕೆಟ್‌ಗೆ ಕಾಯುತ್ತಾ ಕೂತಿರುವಾಗ ಬೋರ್ಡ್ 0ಯಿಂದ ಶುರು ಮಾಡಿದರೆ ಸಾವಿರಾರು ಪ್ಯಾಕೆಟ್ ಕಳೆದುಹೋಯಿತು ಎಂದು ಡ್ರೈವರ್ ಗಾಬರಿಯಾಗುತ್ತದೆ. ಹಾಗೇ ರೀಸೆಟ್‌ಗೆ ಮುಂಚೆ ಪ್ಯಾಕೆಟ್‌ನ ಮೊದಲ 5 ಬೈಟ್ ಬಂದು ಬಫರ್‌ನಲ್ಲಿ ಕೂತಿದ್ದರೆ, ಹೊಸ ಪ್ಯಾಕೆಟ್‌ನ ಬೈಟ್‌ಗಳು ಅದರ ಹಿಂದೆ ಅಂಟಿಕೊಂಡು ಮುಂದಿನದೆಲ್ಲ ಜಾರಿಹೋಗುತ್ತದೆ. ಗೇನ್ ಸರಿಮಾಡಿದಮೇಲೂ ನನಗೆ ಹತ್ತರಲ್ಲಿ ಒಂದು ಸಲ ವಿಚಿತ್ರ ತೂಕ ಬರುತ್ತಿತ್ತು. ಒಂದು ಸಂಜೆ ಪೂರ್ತಿ ಫರ್ಮ್‌ವೇರ್‌ಗೆ ಬೈದೆ. ಕೊನೆಗೆ ನೋಡಿದರೆ ನನ್ನದೇ ಅರ್ಧ ಪ್ಯಾಕೆಟ್.

ನಾಲ್ಕು ಸ್ಯಾಂಪಲ್ ಎಸೆಯುವುದು ಈ ಬೋರ್ಡಿನ ಲೆಕ್ಕ. ಗೇನ್ ಬದಲಾದ ಮೇಲೆ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಒಂದು ನೆಲೆಗೆ ಬರಲು ಸ್ವಲ್ಪ ಹೊತ್ತು ಬೇಕು. ನಿಮ್ಮದರ ಡೇಟಾಶೀಟ್ ನೋಡಿ.

ಡೇಟಾ ಟಾಗಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕೋರ್ ನೋಡಿಕೊಳ್ಳುತ್ತದೆ. ಆದರೆ ಎಂಡ್‌ಪಾಯಿಂಟ್ ಸ್ಟಾಲ್ ಆಗಿದೆ (ನಿಂತುಹೋಗಿದೆ) ಎಂದು ನೀವೇ ಇಟ್ಟುಕೊಂಡ ಗುರುತು ಇದ್ದರೆ ಅದನ್ನು ಅಳಿಸುವುದು ನಿಮ್ಮ ಕೆಲಸ.

ಪ್ರಿ-ರೀಸೆಟ್, ಪೋಸ್ಟ್-ರೀಸೆಟ್: ಲಾಕ್‌ನ ಜಾಗ

ಇಲ್ಲಿ ನಿಧಾನವಾಗಿ ಓದಿ, ಜಾಸ್ತಿ ಜನ ಎಡವುವುದು ಇಲ್ಲೇ. ಪ್ರಿ-ರೀಸೆಟ್ ವಾಪಸ್ ಬರುವ ಹೊತ್ತಿಗೆ ನಿಮ್ಮ ಒಂದು ಯುಆರ್‌ಬಿಯೂ ಓಡುತ್ತಿರಬಾರದು, ಹೊಸದು ಹೊರಡಲೂ ಬಾರದು. ಸುಲಭದ ದಾರಿ ಎಂದರೆ ಪ್ರಿ-ರೀಸೆಟ್‌ನಲ್ಲಿ ಮ್ಯೂಟೆಕ್ಸ್ ಹಿಡಿದು ಎಲ್ಲ ಯುಆರ್‌ಬಿ ಕೊಂದು, ಮ್ಯೂಟೆಕ್ಸ್ ಹಿಡಿದುಕೊಂಡೇ ವಾಪಸ್ ಬರುವುದು. ಪೋಸ್ಟ್-ರೀಸೆಟ್‌ನಲ್ಲಿ ಸಿದ್ಧಮಾಡಿ, ಆಮೇಲೆ ಬಿಡುವುದು. ಕರ್ನಲ್ ಜೊತೆ ಬರುವ ಯುಎಸ್‌ಬಿ-ಸ್ಕೆಲಿಟನ್ ಮಾದರಿ ಡ್ರೈವರ್ ಕೂಡ ಲಾಕ್ ಹೀಗೇ ಹಿಡಿದು ಬಿಡುತ್ತದೆ. ಒಂದು ಫಂಕ್ಷನ್‌ನಲ್ಲಿ ಹಿಡಿದು ಇನ್ನೊಂದರಲ್ಲಿ ಬಿಡುವುದು ನೋಡಲು ಅಸಹ್ಯ. ಆದರೂ ನಾನು ಇದನ್ನೇ ಇಟ್ಟುಕೊಂಡಿದ್ದೇನೆ.

ಇದರಲ್ಲಿ ಗುಂಡಿಗಳಿವೆ. ಮೊದಲನೆಯದು, ಪೋಸ್ಟ್-ರೀಸೆಟ್‌ನಲ್ಲಿ ಸಿದ್ಧಮಾಡು ವಿಫಲವಾಯಿತು ಎಂದು ಅರ್ಧದಲ್ಲೇ ವಾಪಸ್ ಬಂದರೆ ಮ್ಯೂಟೆಕ್ಸ್ ಹಾಗೇ ಹಿಡಿದಿರುತ್ತದೆ. ನೀವು ಸೊನ್ನೆಯಲ್ಲದ ಸಂಖ್ಯೆ ಕೊಟ್ಟರೆ ಕೋರ್ ಡ್ರೈವರನ್ನು ಬಿಡಿಸಿ ಮತ್ತೆ ಕಟ್ಟಲು ಹೊರಡುತ್ತದೆ. ಆಗ ನಿಮ್ಮ ಡಿಸ್ಕನೆಕ್ಟ್ ಓಡುತ್ತದೆ, ಅದು ಅದೇ ಮ್ಯೂಟೆಕ್ಸ್ ಕೇಳುತ್ತದೆ, ಎಂದೆಂದಿಗೂ ಕಾಯುತ್ತದೆ. ಮಷೀನ್ ಆಫ್ ಮಾಡಲೂ ಆಗುವುದಿಲ್ಲ. ರೀಸೆಟ್ ವಿಫಲವಾಗಿದ್ದರೂ ಪೋಸ್ಟ್-ರೀಸೆಟ್ ಕರೆ ಬರುತ್ತದೆ ಎಂಬುದನ್ನೂ ಮರೆಯಬೇಡಿ. ಆಗ ನಿಮ್ಮ ಮೊದಲ ಕಂಟ್ರೋಲ್ ಸಂದೇಶವೇ ಎರರ್ ಆಗಿ ವಾಪಸ್ ಬರುತ್ತದೆ. ಹಾಗಾಗಿ ಯಾವ ದಾರಿಯಲ್ಲಿ ಹೊರಬಿದ್ದರೂ ಲಾಕ್ ಬಿಟ್ಟೇ ಹೊರಬೀಳಬೇಕು.

ಎರಡನೆಯದು, ನಿಮ್ಮ ಡ್ರೈವರ್ ತಾನೇ ರೀಸೆಟ್ ಕೇಳುತ್ತಿದ್ದರೆ. ಮ್ಯೂಟೆಕ್ಸ್ ಹಿಡಿದುಕೊಂಡು ಯುಎಸ್‌ಬಿ-ರೀಸೆಟ್-ಡಿವೈಸ್ ಕರೆದರೆ ಅದು ನಿಮ್ಮ ಪ್ರಿ-ರೀಸೆಟ್ ಕರೆಯುತ್ತದೆ, ಅದು ಮ್ಯೂಟೆಕ್ಸ್‌ಗೆ ಕಾಯುತ್ತದೆ, ಹಿಡಿದವರು ನೀವೇ. ಯುಆರ್‌ಬಿ ಮುಗಿದಾಗ ಓಡುವ ಕಂಪ್ಲೀಶನ್ ಫಂಕ್ಷನ್‌ನಿಂದ ಅಂತೂ ಇದನ್ನು ಕರೆಯಲೇಬಾರದು, ಅಲ್ಲಿ ಕಾಯುತ್ತಾ ನಿಲ್ಲುವಂತಿಲ್ಲ. ಯುಎಸ್‌ಬಿ-ಕ್ಯೂ-ರೀಸೆಟ್-ಡಿವೈಸ್ ಎಂದು ಇನ್ನೊಂದಿದೆ. ಅದು ಚೀಟಿ ಬರೆದಿಟ್ಟು ವಾಪಸ್ ಬರುತ್ತದೆ, ರೀಸೆಟ್ ಆಮೇಲೆ ಬೇರೆ ಕಡೆಯಿಂದ ನಡೆಯುತ್ತದೆ. ಅದನ್ನು ಬಳಸಿ.

ಮೂರನೆಯದು ಮೆಮೊರಿ. ರೀಸೆಟ್ ಮತ್ತು ರೆಸ್ಯೂಮ್ ದಾರಿಯಲ್ಲಿ ಮಾಮೂಲಿ ಜಿಎಫ್‌ಪಿ-ಕರ್ನಲ್ ಗುರುತು ಹಾಕಿ ಮೆಮೊರಿ ಕೇಳಬಾರದು, ಜಿಎಫ್‌ಪಿ-ನೋಐಒ ಹಾಕಬೇಕು. ಮೆಮೊರಿ ಸಾಲದೆ ಕರ್ನಲ್ ಡಿಸ್ಕ್‌ಗೆ ಬರೆಯಲು ಹೋದರೆ, ಆ ಡಿಸ್ಕ್ ಇದೇ ರೀಸೆಟ್ ಮುಗಿಯಲಿ ಎಂದು ಕಾಯುತ್ತಿರಬಹುದು. ತೂಕದ ಬೋರ್ಡಿನಲ್ಲಿ ಯಾವ ಡಿಸ್ಕ್ ಎನ್ನಬೇಡಿ. ಒಂದೇ ಯುಎಸ್‌ಬಿ ಡಿವೈಸ್‌ನಲ್ಲಿ ಸ್ಟೋರೇಜ್ ಇಂಟರ್‌ಫೇಸ್ ಕೂಡ ಇರುವುದುಂಟು. ಕಂಟ್ರೋಲ್ ಸಂದೇಶದ ಬಫರನ್ನು ಸ್ಟ್ಯಾಕ್ ಮೇಲೆ ಇಡಬಾರದು ಎಂಬ ಹಳೆಯ ನಿಯಮ ಇಲ್ಲೂ ಇದೆ. ನಾನು ಪ್ರೋಬ್‌ನಲ್ಲೇ ಒಂದು ಪುಟ್ಟ ಬಫರ್ ಪಡೆದು ಸ್ಟ್ರಕ್ಚರ್‌ನಲ್ಲಿ ಇಟ್ಟುಕೊಂಡೆ, ಆಮೇಲೆ ಕೇಳುವ ಪ್ರಮೇಯವೇ ಇಲ್ಲ.

ಆಟೋಸಸ್ಪೆಂಡ್ (ಕೆಲಸವಿಲ್ಲದಾಗ ಡಿವೈಸನ್ನು ತಾನಾಗಿ ಮಲಗಿಸುವುದು) ಬಳಸುವ ಡ್ರೈವರ್ ಆದರೆ ಇನ್ನೊಂದು ಗುಂಡಿ ಕಾದಿದೆ. ನಿಮ್ಮ "ಗೇನ್ ಕಳಿಸು" ಫಂಕ್ಷನ್ ಒಳಗೆ, ಡಿವೈಸ್ ಎಚ್ಚರವಿರಲಿ ಎಂದು ಯುಎಸ್‌ಬಿ-ಆಟೋಪಿಎಂ-ಗೆಟ್-ಇಂಟರ್‌ಫೇಸ್ ಕರೆ ಇರಬಹುದು. ಅದೇ ಫಂಕ್ಷನನ್ನು ರೀಸೆಟ್-ರೆಸ್ಯೂಮ್‌ನಿಂದ ಕರೆದರೆ, ಎದ್ದೇಳುವ ಕೆಲಸ ಮುಗಿಯಲಿ ಎಂದು ಎದ್ದೇಳುವ ಕೆಲಸವೇ ಕಾಯುತ್ತದೆ. ನೆಟ್‌ವರ್ಕ್ ಡ್ರೈವರ್‌ಗಳ ಯುಎಸ್‌ಬಿನೆಟ್‌ನಲ್ಲಿ ಇದೇ ಕಾರಣಕ್ಕೆ "ನೋಪಿಎಂ" ಎಂಬ ಬಾಲ ಇರುವ ಬೇರೆ ಫಂಕ್ಷನ್‌ಗಳೇ ಇವೆ. ನೀವೂ ಒಳಗಿನ ಕಚ್ಚಾ ಫಂಕ್ಷನ್ ಒಂದು, ಹೊರಗಿನ ಹೊದಿಕೆ ಒಂದು ಎಂದು ಒಡೆದುಕೊಳ್ಳಿ.

ಆಪ್‌ಗೆ ಹೇಳಬೇಕೇ, ಬೇಡವೇ?

ಇದು ಕೋಡಿನ ಪ್ರಶ್ನೆಗಿಂತ ಜಾಸ್ತಿ ಬುದ್ಧಿಯ ಪ್ರಶ್ನೆ. ಕರ್ನಲ್‌ನಲ್ಲೇ ಎರಡು ಪಂಥಗಳಿವೆ. ಸಿಎಚ್341 ಸೀರಿಯಲ್ ಡ್ರೈವರ್ ರೀಸೆಟ್-ರೆಸ್ಯೂಮ್‌ನಲ್ಲಿ ಚಿಪ್ಪನ್ನು ಮತ್ತೆ ಕಾನ್ಫಿಗರ್ ಮಾಡಿ ಸದ್ದಿಲ್ಲದೆ ಮುಂದುವರಿಯುತ್ತದೆ. ವೆಬ್‌ಕ್ಯಾಮ್‌ಗಳ ಯುವಿಸಿ ಡ್ರೈವರ್ ಕೂಡ ಕ್ಯಾಮೆರಾದ ಕಂಟ್ರೋಲ್‌ಗಳನ್ನು ಹಳೆಯ ಬೆಲೆಗೆ ತರುತ್ತದೆ. ಮೋಡೆಮ್‌ಗಳ ಸಿಡಿಸಿ-ಎಸಿಎಂ ಡ್ರೈವರ್ ಹಾಗಲ್ಲ. ತೆರೆದಿದ್ದ ಟಿಟಿವೈಯನ್ನು (ಆಪ್ ಬಳಸುವ ಸೀರಿಯಲ್ ಪೋರ್ಟನ್ನು) ಹ್ಯಾಂಗಪ್ ಮಾಡುತ್ತದೆ, ಅಂದರೆ ಫೋನ್ ಇಟ್ಟುಬಿಡುತ್ತದೆ. ಅದೂ ಸರಿಯೇ. ಮೋಡೆಮ್ ಒಳಗೆ ನಡೆಯುತ್ತಿದ್ದ ಮಾತುಕತೆಯನ್ನು ಯಾವ ಡ್ರೈವರೂ ವಾಪಸ್ ತರಲಾರದು.

ನೀವೇ ಕೇಳಿಕೊಳ್ಳಿ: ಡ್ರೈವರ್‌ಗೆ ಗೊತ್ತಿರುವುದನ್ನು ಹಾಕಿದರೆ ಡಿವೈಸ್ ಮೊದಲಿನ ಸ್ಥಿತಿಗೆ ಪೂರ್ತಿ ಬರುತ್ತದೆಯೇ? ಬರುವುದಾದರೆ ಸದ್ದಿಲ್ಲದೆ ಮಾಡಿ. ಇಲ್ಲವಾದರೆ ಆಪ್‌ಗೆ ಹೇಳಿ.

ತಕ್ಕಡಿಗೆ ನಾನು ಎರಡನ್ನೂ ಮಾಡಿದೆ. ಗೇನ್, ರೇಟ್ ಸದ್ದಿಲ್ಲದೆ ವಾಪಸ್. ಆದರೆ ರೀಸೆಟ್ ಆದಮೇಲಿನ ಮೊದಲ ಓದಿಗೆ ಒಂದು ಸಲ ಮಾತ್ರ ಇಪೈಪ್ ಎಂಬ ಎರರ್ ಕೊಡುತ್ತೇನೆ, ಸ್ಕೆಲಿಟನ್ ಡ್ರೈವರ್ ಮಾಡುವ ಹಾಗೆ. ಆಪ್ ಅದನ್ನು ಕಂಡು, ಪರದೆಯ ಮೇಲೆ "ತಟ್ಟೆ ಖಾಲಿ ಇದೆಯೇ ನೋಡಿ" ಎಂದು ಕೇಳಿ ಟೇರ್ ಮತ್ತೆ ಮಾಡಿಸುತ್ತದೆ. ತೂಕದ ಮೇಲೆ ದುಡ್ಡು ನಿಂತಿರುವ ಕಡೆ ಒಂದು ಪ್ರಶ್ನೆ ಜಾಸ್ತಿಯಾದರೂ ಪರವಾಗಿಲ್ಲ ಎನ್ನುವುದು ನನ್ನ ಲೆಕ್ಕ.

ಇದೇ ಲೆಕ್ಕಕ್ಕೆ ಸೇರಿದ ಇನ್ನೊಂದು ಅಪಾಯ ಇದೆ. ಲ್ಯಾಪ್‌ಟಾಪ್ ಮಲಗಿರುವಾಗ ಯಾರೋ ಒಂದು ಬೋರ್ಡ್ ಕಿತ್ತು ಅದೇ ಪೋರ್ಟಿಗೆ ಅದೇ ಮಾದರಿಯ ಇನ್ನೊಂದನ್ನು ಚುಚ್ಚಿದರೆ? ಎರಡಕ್ಕೂ ಸೀರಿಯಲ್ ನಂಬರ್ ಇಲ್ಲದಿದ್ದರೆ ಕೋರ್‌ಗೆ ವ್ಯತ್ಯಾಸ ಕಾಣುವುದೇ ಇಲ್ಲ. ಒಂದು ತಕ್ಕಡಿಯ ಲೆಕ್ಕ ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಫರ್ಮ್‌ವೇರ್ ನಿಮ್ಮ ಕೈಯಲ್ಲಿದ್ದರೆ ಪ್ರತಿ ಬೋರ್ಡಿಗೂ ಬೇರೆ ಸೀರಿಯಲ್ ನಂಬರ್ ಹಾಕಿ. ಇಲ್ಲವಾದರೆ ಸಿಸ್‌ಎಫ್‌ಎಸ್‌ನಲ್ಲಿ ಆ ಡಿವೈಸ್‌ನ ಪವರ್ ಫೋಲ್ಡರ್ ಒಳಗಿನ ಪರ್ಸಿಸ್ಟ್ ಫೈಲ್‌ಗೆ 0 ಬರೆಯಿರಿ. ಆಗ ನಿದ್ದೆಯಲ್ಲಿ ಕರೆಂಟ್ ಹೋದ ಡಿವೈಸನ್ನು ಕೋರ್ ಕಿತ್ತುಹೋದದ್ದು ಎಂದೇ ನೋಡುತ್ತದೆ.

ಪರೀಕ್ಷೆ

ಕಲ್ಲು ತಟ್ಟೆಯ ಮೇಲೇ ಇರಲಿ. ಆರ್‌ಟಿಸಿವೇಕ್ ಲೂಪ್ 50 ಸಲ ಓಡಲಿ, ಪ್ರತಿ ಸಲ ಎದ್ದಮೇಲೆ ಬಂದ ತೂಕ ಫೈಲ್‌ಗೆ ಹೋಗಲಿ. ಆಮೇಲೆ ಡೇಟಾ ಓಡುವಾಗ ಯುಎಸ್‌ಬಿರೀಸೆಟ್ 100 ಸಲ. ಈ ಎರಡನೆಯದರಲ್ಲೇ ಅರ್ಧ ಪ್ಯಾಕೆಟ್‌ನಂಥವು ಹೊರಬೀಳುವುದು, ಯಾಕೆಂದರೆ ರೀಸೆಟ್ ಪ್ರತಿ ಸಲ ಬೇರೆ ಬೇರೆ ಕ್ಷಣದಲ್ಲಿ ಬಂದು ಹೊಡೆಯುತ್ತದೆ. ಲಾಕ್‌ಡೆಪ್ (ಲಾಕ್ ಬಳಕೆಯನ್ನು ಪರೀಕ್ಷಿಸುವ ಸೌಲಭ್ಯ) ಹಾಕಿದ ಕರ್ನಲ್‌ನಲ್ಲಿ ಓಡಿಸಿದರೆ ಲಾಕ್ ತಪ್ಪುಗಳು ಸಿಕ್ಕಿಹಾಕಿಕೊಳ್ಳುವ ಮೊದಲೇ ಗೊತ್ತಾಗುತ್ತವೆ.

ಕೊನೆಗೆ ಕಿಡಿಗೇಡಿ ಪರೀಕ್ಷೆಗಳು. ಮಲಗಿರುವಾಗ ಕೇಬಲ್ ಕಿತ್ತು ಎಬ್ಬಿಸಿ. ರೀಸೆಟ್ ಲೂಪ್ ಓಡುತ್ತಿರುವಾಗ ಕಿತ್ತುಬಿಡಿ. ಆಪ್ ಓದುತ್ತಿರುವಾಗ ಕಿಲ್ ಮಾಡಿ, ಅದೇ ಹೊತ್ತಿಗೆ ರೀಸೆಟ್ ಮಾಡಿ. ನನ್ನದು ಮೊದಲ ಸುತ್ತಿನಲ್ಲಿ ಎರಡನೆಯದಕ್ಕೇ ಬಿದ್ದುಹೋಯಿತು. ಕಾರಣ ಮೇಲೆ ಹೇಳಿದ ಮೊದಲ ಗುಂಡಿ. ಬರೆಯುವಾಗ ಗೊತ್ತಿದ್ದೂ ಬಿದ್ದೆ.

ಡ್ರೈವರ್ ನಿಮ್ಮದಲ್ಲ, ಕೋಡ್ ಮುಟ್ಟಲು ಆಗುವುದಿಲ್ಲ ಎನ್ನುವವರು ಸದ್ಯಕ್ಕೆ ಪರ್ಸಿಸ್ಟ್ 0 ಉಪಾಯವನ್ನೇ ಡಿವೈಸ್ ಬಂದಾಗ ತಾನಾಗಿ ಓಡುವ ಯುಡೆವ್ ನಿಯಮದಲ್ಲಿ ಹಾಕಿಕೊಳ್ಳಬಹುದು. ಆಪ್ ಮತ್ತೆ ತೆರೆಯಬೇಕಾಗುತ್ತದೆ ನಿಜ, ಆದರೆ ತಪ್ಪು ಅಂಕಿ ಬರುವುದಿಲ್ಲ. ಡ್ರೈವರ್ ಬರೆದವರಿಗೆ ತಿಳಿಸುವಾಗ ಆ ಎರಡು ಯುಎಸ್‌ಬಿಮಾನ್ ರೆಕಾರ್ಡಿಂಗ್ ಮತ್ತು ರೀಸೆಟ್ ಸಾಲಿರುವ ಲಾಗ್ ಜೊತೆಗೆ ಕಳಿಸಿ. "ಮಲಗಿ ಎದ್ದರೆ ಸರಿ ಬರಲ್ಲ" ಎಂದಷ್ಟೇ ಬರೆದರೆ ಅವರ ಲ್ಯಾಪ್‌ಟಾಪ್‌ನಲ್ಲಿ ಅದು ಸರಿಯಾಗಿಯೇ ಬರುತ್ತಿರುತ್ತದೆ.

ಮಂಡಿಯಲ್ಲಿ ಹೊಸ ಡ್ರೈವರ್ ಹಾಕಿ, ಕಲ್ಲಿಟ್ಟು, ಲ್ಯಾಪ್‌ಟಾಪ್ ಮುಚ್ಚಿಟ್ಟು ಅವರ ಜೊತೆ ಊಟಕ್ಕೇ ಹೋದೆ. ಬಂದು ತೆರೆದಾಗ ತಟ್ಟೆ ಖಾಲಿ ಇದೆಯೇ ಎಂದು ಪರದೆ ಕೇಳಿತು. ಕಲ್ಲು ಇಳಿಸಿ, ಹೌದು ಎಂದು ಒತ್ತಿ, ಮತ್ತೆ ಇಟ್ಟೆವು. 20.00.